ಸೆಂಟ್ರಲ್ ಪಾರ್ಕಿನಲ್ಲೇ ಸುತ್ತು ಹೊಡೆದು 100 ಮೈಲಿ ಸೈಕಲ್ ತುಳಿಯಬಹುದೇ?

ನೀವು ಕೇಳಿದ್ದು: ಮ್ಯಾನ್‌ಹಟನ್‌ನಲ್ಲಿದ್ದೀರಿ, 60 ಕಿ.ಮೀ. ತನಕ ತುಳಿದು ಅಭ್ಯಾಸವಿದೆ, ಕಾರುಗಳ ಮಧ್ಯೆ ಹೋಗಲು ಮನಸ್ಸಿಲ್ಲ. ಪಾರ್ಕಿನಿಂದ ಹೊರಗೆ ಕಾಲಿಡದೆ 100 ಮೈಲಿ ಆಗುತ್ತದೆಯೇ, ಎಷ್ಟು ಸುತ್ತು ಬೇಕು?

ಧಾರಾಳವಾಗಿ ಆಗುತ್ತದೆ. 2018ರ ಜೂನ್‌ನಿಂದ ಒಳಗಿನ ಸುತ್ತುರಸ್ತೆಗೆ ಕಾರುಗಳ ಪ್ರವೇಶವೇ ಇಲ್ಲ. ಪೂರ್ತಿ ಸುತ್ತು 6.1 ಮೈಲಿ, ಅಂದರೆ ಸುಮಾರು 9.8 ಕಿ.ಮೀ. 16 ಸುತ್ತಿಗೆ 97.6 ಮೈಲಿಯಾಗುತ್ತದೆ, 17ಕ್ಕೆ 103.7. ಹಾಗಾಗಿ 17 ಎಂದೇ ಇಟ್ಟುಕೊಳ್ಳಿ. ಸೈಕಲ್‌ಗಳು ಹೋಗುವುದು ಒಂದೇ ದಿಕ್ಕಿನಲ್ಲಿ, ಅಪ್ರದಕ್ಷಿಣವಾಗಿ: ಪೂರ್ವದ ಬದಿಯಲ್ಲಿ ಉತ್ತರಕ್ಕೆ, ಪಶ್ಚಿಮದ ಬದಿಯಲ್ಲಿ ದಕ್ಷಿಣಕ್ಕೆ.

ಪಾರ್ಕ್ ಅಂದಮೇಲೆ ಸಪಾಟಾಗಿರುತ್ತದೆ ಎಂದುಕೊಂಡವರು ಹತ್ತನೇ ಸುತ್ತಿನ ಹೊತ್ತಿಗೆ ಸುಸ್ತಾಗಿ ಕೂರುತ್ತಾರೆ. ಒಂದು ಸುತ್ತಿಗೆ ಏರು ಸುಮಾರು 80 ಮೀಟರ್. ಹದಿನೇಳು ಸುತ್ತಿಗೆ 1,300 ಮೀಟರ್ ದಾಟುತ್ತದೆ, ನಂದಿ ಬೆಟ್ಟವನ್ನು ಬುಡದಿಂದ ಹತ್ತಿರ ಹತ್ತಿರ ಮೂರು ಸಲ ಹತ್ತಿದಷ್ಟು. ಪೂರ್ವದ 76ನೇ ಬೀದಿಯ ಹತ್ತಿರ ಬರುವ ಕ್ಯಾಟ್ ಹಿಲ್ ಚಿಕ್ಕದು. ಪಕ್ಕದ ಬಂಡೆಯ ಮೇಲೆ ಹೊಂಚು ಹಾಕಿ ಕೂತ ಕಂಚಿನ ಚಿರತೆಯಿಂದ ಆ ಹೆಸರು. ನಿಜವಾಗಿ ಕಾಲು ಹಿಂಡುವುದು ವಾಯವ್ಯ ಮೂಲೆಯ ಹಾರ್ಲೆಮ್ ಹಿಲ್. ಉದ್ದ ಅರ್ಧ ಕಿಲೋಮೀಟರಿಗೆ ತುಸು ಹೆಚ್ಚು, ಏರು ಸರಾಸರಿ ಶೇ. 4-5. ಒಂದು ಸಲ ಹತ್ತಿದರೆ ಏನೂ ಅನ್ನಿಸದು. ಅದಕ್ಕೇ ಮೊದಲ ನಾಲ್ಕೈದು ಸುತ್ತು ಎಲ್ಲರೂ ಹುಮ್ಮಸ್ಸಿನಲ್ಲಿ ಹತ್ತಿಬಿಡುತ್ತಾರೆ, ಆಮೇಲೆ ತೊಡೆ ಹಿಡಿದುಕೊಳ್ಳುತ್ತದೆ. ಕೊನೆಯ ಸುತ್ತಿನಲ್ಲಿ ಯಾವ ಗೇರ್ ಬೇಕಾಗುತ್ತದೋ ಅದರಲ್ಲೇ ಮೊದಲನೆಯದನ್ನೂ ಹತ್ತಿ. ಮುಂದಿನ ಗೇರ್ ಚಕ್ರದಲ್ಲಿ 34, ಹಿಂದಿನದರಲ್ಲಿ 30 ಅಥವಾ 32 ಹಲ್ಲು ಇದ್ದರೆ ಸಾಕು. ಪಕ್ಕದಲ್ಲಿ ಯಾರೋ ಭರ್ರೆಂದು ಹಾದುಹೋಗುತ್ತಾರೆ, ಹೋಗಲಿ ಬಿಡಿ. ಅವರು ಎರಡು ಸುತ್ತು ಮುಗಿಸಿ ಆಫೀಸಿಗೆ ಹೋಗುವವರು.

ಈ ಏರಿಗೆ ಮುಂಚೆ ಪಾರ್ಕಿನ ಉತ್ತರ ತುದಿಯಲ್ಲಿ ಇಳಿಜಾರು, ಅದರೊಳಗೇ ತಿರುವು. ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿದು ಬಿಡಬೇಕು, ತಿರುವಿನ ಒಳಗೆ ಹಿಡಿದರೆ ಚಕ್ರ ಜಾರುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ ಒದ್ದೆ ಎಲೆ ಬಿದ್ದಿದ್ದರಂತೂ ಇನ್ನೂ ನಿಧಾನ.

ಸರಾಸರಿ ಗಂಟೆಗೆ 24 ಕಿ.ಮೀ. ಹಿಡಿದರೆ ಒಂದು ಸುತ್ತಿಗೆ ಇಪ್ಪತ್ತನಾಲ್ಕೂವರೆ ನಿಮಿಷ, ಒಟ್ಟು ತುಳಿಯುವ ಸಮಯ ಏಳು ಗಂಟೆ. ನಿಲ್ಲುವುದಕ್ಕೆ ಇನ್ನೊಂದು ಗಂಟೆ. ಪಾರ್ಕ್ ತೆರೆಯುವುದು ಬೆಳಿಗ್ಗೆ 6ಕ್ಕೆ. ಆ ಹೊತ್ತಿಗೇ ಚಕ್ರ ಉರುಳಬೇಕು. ನನ್ನ ಪ್ರಕಾರ ಇಡೀ ದಿನದ ಲೆಕ್ಕ ನಿಂತಿರುವುದು ಇದೊಂದರ ಮೇಲೆಯೇ. ಹತ್ತು ಗಂಟೆ ಕಳೆದರೆ ದಕ್ಷಿಣ ಭಾಗದಲ್ಲಿ ಕುದುರೆ ಗಾಡಿ, ಸೈಕಲ್ ರಿಕ್ಷಾ, ಬಾಡಿಗೆ ಸೈಕಲ್‌ನ ಪ್ರವಾಸಿಗರು, ಫೋಟೋ ತೆಗೆಯಲು ರಸ್ತೆ ಮಧ್ಯೆ ನಿಲ್ಲುವವರು. ಒಂಬತ್ತು-ಹತ್ತು ಸುತ್ತು ಅಷ್ಟರೊಳಗೆ ಮುಗಿದಿದ್ದರೆ ಉಳಿದವನ್ನು ನಿಧಾನವಾಗಿ ಎಳೆಯಬಹುದು. ಎಂಟಕ್ಕೆ ಶುರು ಮಾಡಿದರೆ ಅರ್ಧ ದಿನ ಬ್ರೇಕ್ ಹಿಡಿಯುವುದರಲ್ಲೇ ಹೋಗುತ್ತದೆ. ವಾರಾಂತ್ಯಕ್ಕಿಂತ ವಾರದ ನಡುವೆ ಒಂದು ರಜೆ ಹಾಕುವುದು ಲೇಸು. ಶನಿವಾರ, ಭಾನುವಾರವೇ ಗತಿ ಎಂದಾದರೆ ಪಾರ್ಕಿನಲ್ಲಿ ಓಟದ ಸ್ಪರ್ಧೆ ನಡೆಸುವ ನ್ಯೂಯಾರ್ಕ್ ರೋಡ್ ರನ್ನರ್ಸ್ ಸಂಘದ ಪಟ್ಟಿಯನ್ನು ಮೊದಲು ನೋಡಿಕೊಳ್ಳಿ.

ಪಶ್ಚಿಮದ 72ನೇ ಬೀದಿಯಲ್ಲಿ ಅಡ್ಡ ಹಾಯ್ದು ದಕ್ಷಿಣದ ಜಂಗುಳಿ ತಪ್ಪಿಸಿಕೊಳ್ಳಿ ಎಂದು ಕೆಲವರು ಹೇಳುತ್ತಾರೆ. ಆ ರಸ್ತೆ ಬೆಥೆಸ್ಡಾ ಟೆರೇಸ್ ಪಕ್ಕದಲ್ಲೇ ಹೋಗುತ್ತದೆ, ಅಲ್ಲಿಯೂ ಅಷ್ಟೇ ಜನ. ಕಾಲು ಸೋತಾಗ ಉಪಯೋಗಕ್ಕೆ ಬರುವುದು 102ನೇ ಬೀದಿಯ ಅಡ್ಡರಸ್ತೆ. ಪೂರ್ವದಿಂದ ಪಶ್ಚಿಮಕ್ಕೆ ಅದರಲ್ಲಿ ದಾಟಿದರೆ ಹಾರ್ಲೆಮ್ ಹಿಲ್ ತಪ್ಪುತ್ತದೆ, ಸುತ್ತು 5.2 ಮೈಲಿಗೆ ಇಳಿಯುತ್ತದೆ. 13 ಪೂರ್ತಿ ಸುತ್ತು, 4 ಚಿಕ್ಕ ಸುತ್ತು ಸೇರಿದರೆ 100.1 ಮೈಲಿ. ಕಾಗದದ ಮೇಲೆ ಸರಿಯಾದರೂ ಜಿಪಿಎಸ್ ತಿರುವುಗಳನ್ನು ಕತ್ತರಿಸಿ ಕಡಿಮೆ ತೋರಿಸುವುದುಂಟು, ಅದಕ್ಕಾಗಿ ಇನ್ನೊಂದು ಚಿಕ್ಕ ಸುತ್ತು ಕೈಯಲ್ಲಿರಲಿ. ಸೈಕಲ್‌ಗೆ ಕೂರಿಸಿದ ಜಿಪಿಎಸ್ ಕಂಪ್ಯೂಟರಿನಲ್ಲಿ ಸೆಕೆಂಡಿಗೊಮ್ಮೆ ದಾಖಲಿಸುವ ಆಯ್ಕೆ ಹಾಕಿ. ಚಕ್ರಕ್ಕೆ ಕಟ್ಟುವ ಸೆನ್ಸರ್ ಇದ್ದರೆ ಇನ್ನೂ ವಾಸಿ. 700x28 ಟೈರಿಗೆ ಸುತ್ತಳತೆ 2136 ಮಿ.ಮೀ., 700x25ಕ್ಕೆ 2105 ಎಂದು ಕಂಪ್ಯೂಟರಿಗೆ ತುಂಬಿಸಿ.

ಊಟದ ವಿಷಯ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳಬೇಕು. ಒಂದು ಬಾಳೆಹಣ್ಣು, ಎರಡು ದೊಡ್ಡ ಮೆಡ್ಜೂಲ್ ಖರ್ಜೂರಕ್ಕೆ ಅಷ್ಟಾಯಿತು. ಸಿಹಿ ತಿಂದು ಬಾಯಿ ಕೆಟ್ಟರೆ ಬೇಯಿಸಿ ಉಪ್ಪು ಹಚ್ಚಿದ ಚಿಕ್ಕ ಆಲೂಗಡ್ಡೆ, ಅಥವಾ ಚಿಕ್ಕಿ. ಹಸಿವಾಗಲಿ ಎಂದು ಕಾಯಬೇಡಿ, ಎರಡು ಸುತ್ತಿಗೊಮ್ಮೆ ತಿನ್ನಿ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಸೆಕೆ ಇದ್ದರೆ ಲೀಟರಿಗೆ ಕಾಲು ಚಮಚ ಉಪ್ಪು. ಪೂರ್ವದ 90ನೇ ಬೀದಿಯ ಎಂಜಿನಿಯರ್ಸ್ ಗೇಟ್ ಹತ್ತಿರ ನಲ್ಲಿ ಇದೆ. ಚಳಿಗಾಲದಲ್ಲಿ ಪಾರ್ಕಿನ ಕುಡಿಯುವ ನೀರಿನ ನಲ್ಲಿಗಳನ್ನು ಬಂದ್ ಮಾಡುತ್ತಾರೆ, ಆಗ ಮನೆಯಿಂದಲೇ ತುಂಬಿಸಿಕೊಂಡು ಹೋಗಬೇಕು. ಸಾಮಾನಿನ ಚೀಲವನ್ನು ಬೆಂಚಿನ ಮೇಲಿಟ್ಟು ಹೋಗಬೇಡಿ. ಫ್ರೇಮಿಗೆ ಕಟ್ಟುವ ಬ್ಯಾಗಿನಲ್ಲಿ ಹಿಡಿಸುವಷ್ಟೇ ತನ್ನಿ, ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪಂಪ್ ಸಮೇತ.

ಹೆದ್ದಾರಿಯಲ್ಲಿ 50 ಮೈಲಿ ಹೋದವನಿಗೆ ವಾಪಸ್ ಬರದೆ ವಿಧಿಯಿಲ್ಲ. ಇಲ್ಲಿ ಸುತ್ತಿಗೊಮ್ಮೆ ಮನೆಯ ದಾರಿ ಕಣ್ಣಿಗೆ ಬೀಳುತ್ತದೆ, ಅರ್ಧಕ್ಕೆ ಬಿಡುವವರು ಹೆಚ್ಚಾಗಿ ಬಿಡುವುದು ಅಲ್ಲೇ. ಅದಕ್ಕೆ ವಿರಾಮವನ್ನು ನಿಮ್ಮ ಮನೆಯ ಕಡೆಯ ಗೇಟಿನ ಬಳಿ ಅಲ್ಲ, ಪಾರ್ಕಿನ ಇನ್ನೊಂದು ಬದಿಯಲ್ಲಿ ತೆಗೆದುಕೊಳ್ಳಿ. 6, 6, 5 ಎಂದು ಭಾಗ ಮಾಡಿ ಎರಡೇ ಸಲ ಇಳಿಯಿರಿ, ಒಂದೊಂದಕ್ಕೆ ಇಪ್ಪತ್ತು ನಿಮಿಷ. ಉಳಿದ ಸಮಯ ನೀರಿಗೆ, ಶೌಚಕ್ಕೆ.

ಒಂದೇ ಭಂಗಿಯಲ್ಲಿ ಕೂತು ಅಂಗೈ, ಕತ್ತು ಜೋಮು ಹಿಡಿಯುವುದು ಇನ್ನೊಂದು ತಾಪತ್ರಯ. ಪ್ರತಿ ಸಲ ಹಾರ್ಲೆಮ್ ಹಿಲ್‌ನಲ್ಲಿ ಇಪ್ಪತ್ತು ಪೆಡಲ್ ಎದ್ದು ನಿಂತು ತುಳಿದರೆ ಸೊಂಟವೂ ಸಡಿಲವಾಗುತ್ತದೆ.

ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕ್ ಹತ್ತಿರವಾದರೆ ಅಲ್ಲಿನ ಸುತ್ತು 3.35 ಮೈಲಿ, 30 ಸುತ್ತು ಬೇಕು. ಅಲ್ಲಿ ಲೆಕ್ಕ ತಪ್ಪುವುದು ಖಂಡಿತ, ಲ್ಯಾಪ್ ಗುಂಡಿ ಒತ್ತುತ್ತಾ ಹೋಗಿ.