ಅಮ್ಮನ ಜೊತೆ ಎರಡು ದಿನದಲ್ಲಿ ಎಷ್ಟು ಜಾಗ ನೋಡಬಹುದು?

‘ಅಮ್ಮನಿಗೆ 66, ಮಾರ್ಚ್‌ನಲ್ಲಿ ಎರಡು ದಿನ ರಜೆ ಇದೆ, ಬೇಲೂರು ಕಡೆ ಜಾಸ್ತಿ ಜಾಗ ಕವರ್ ಮಾಡೋದು ಹೇಗೆ’ ಅಂತ ಕೇಳಿದ್ದೀರಿ. ಆ ‘ಕವರ್’ ಅನ್ನೋ ಪದ ಓದಿದ ಕೂಡಲೇ ನನ್ನ ಅಂಗಾಲು ಉರಿಯಿತು. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಅದೂ ಒಂದೇ ದಿನದಲ್ಲಿ.

ಬೆಳಗಿನ ಜಾವ ಬೆಂಗಳೂರು ಬಿಟ್ಟೆವು. ಮೊದಲು ಬೇಲೂರು, ಅಲ್ಲಿಂದ ಹಳೇಬೀಡು, ವಾಪಸ್ ಬರುವಾಗ ಶ್ರವಣಬೆಳಗೊಳ. ಬೇಲೂರಲ್ಲಿ ಅಮ್ಮ ದರ್ಪಣಸುಂದರಿಯ ಶಿಲ್ಪದ ಎದುರು ಕತ್ತೆತ್ತಿ ನಿಂತವರು ಅಲ್ಲಾಡಲೇ ಇಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. 900 ವರ್ಷದಿಂದ ಕನ್ನಡಿ ನೋಡಿಕೊಂಡು ನಿಂತಿರುವ ಹುಡುಗಿಗೆ ನಾನು ಕೊಟ್ಟಿದ್ದು ಐದು ನಿಮಿಷ. ‘ಬಾಮ್ಮ, ಹೊತ್ತಾಯ್ತು.’

ಒಂದೇ ದಿನಕ್ಕೆ ಮೂರು ಊರು ತುರುಕಿದ್ದೇ ತಪ್ಪು ಅಂತ ನೀವು ಅಂದುಕೊಳ್ಳಬಹುದು. ಅದಲ್ಲ, ನಾನು ಎಡವಿದ್ದು ಯಾವುದು ಮೊದಲು ಅನ್ನೋದರಲ್ಲಿ. ಶ್ರವಣಬೆಳಗೊಳ ಬೆಂಗಳೂರಿಗೆ ಹತ್ತಿರ, 145 ಕಿಲೋಮೀಟರ್ ಆಸುಪಾಸು. ಮೊದಲು ಅಲ್ಲಿಗೇ ಹೋಗಿದ್ದರೆ ಏಳೂವರೆಗೆ ಬೆಟ್ಟದ ಬುಡದಲ್ಲಿ ಇರುತ್ತಿದ್ದೆವು. ‘ಹೇಗೂ ದಾರಿಯಲ್ಲೇ ಸಿಗುತ್ತಲ್ಲ’ ಅಂತ ಕೊನೆಗೆ ಇಟ್ಟೆ. ತಲುಪಿದಾಗ ಮಧ್ಯಾಹ್ನ ಎರಡು. ವಿಂಧ್ಯಗಿರಿ ಬರೀ ಬಂಡೆ, ಅದರಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು. ಚಪ್ಪಲಿ ಬುಡದಲ್ಲೇ ಬಿಡಬೇಕು. ಬೆಳಗ್ಗಿಂದ ಬಿಸಿಲು ಕುಡಿದ ಕಲ್ಲು ಆ ಹೊತ್ತಿಗೆ ದೋಸೆ ಕಾವಲಿ. ಕೆಳಗೆ ಕಾಲುಚೀಲ ಮಾರುತ್ತಿದ್ದರು, ‘ಬೇಗ ಹತ್ತಿ ಇಳಿದುಬಿಡೋಣ’ ಅಂತ ಅದನ್ನೂ ತಗೊಳ್ಳಲಿಲ್ಲ. ಏಳೂವರೆಗೆ ಹೋಗಿದ್ದರೆ ಅದೇ ಮೆಟ್ಟಿಲು, ಅದೇ ಅಮ್ಮ, ಬರಿಗಾಲಲ್ಲೇ ಆರಾಮಾಗಿ ಹತ್ತುತ್ತಿದ್ದರು. ಇದನ್ನು ಎಷ್ಟು ಸಲ ಲೆಕ್ಕ ಹಾಕಿದ್ದೀನೋ!

ಡೋಲಿ ಮಾಡಿಸ್ತೀನಿ ಅಂದೆ. ‘ನಾಲ್ಕು ಜನ ಹೊರೋದು ಒಂದೇ ಸಲ ಸಾಕು ಕಣೋ’ ಅಂದರು. ಹತ್ತಿದರು. ಗೊಮ್ಮಟನನ್ನು ನೋಡಿ ಕೈಮುಗಿದರು. ಇಳಿಯುವಾಗ ಮೊಣಕಾಲು ಕೈಕೊಟ್ಟಿತು. ಒಂದೊಂದೇ ಮೆಟ್ಟಿಲ ಮೇಲೆ ಕೂತು ಜಾರಿಕೊಂಡು ಇಳಿದರು. ಎರಡೂ ಅಂಗಾಲಲ್ಲಿ ಬೊಬ್ಬೆ. ಹತ್ತು ದಿನ ಬಾಗಿಲು ದಾಟಲಿಲ್ಲ.

ಕಾಲು ಮಾಗಿದ ಮೇಲೆ, ಯುಗಾದಿ ಹೊತ್ತಿಗೆ, ಸಂಜೆ ಜಯನಗರದ ನಮ್ಮ ಬೀದಿಯಲ್ಲೇ ಓಡಾಡೋಕೆ ಶುರು ಮಾಡಿದೆವು. ಹಳದಿ ಟಬೂಬಿಯಾ ಹೂವು ಉದುರಿ ಮುಗಿದಿತ್ತು. ಹೊಂಗೆ ಮರಗಳು ಮಾತ್ರ ಆಗಲೇ ಎಣ್ಣೆ ಹಚ್ಚಿದಂಥ ಎಳೆ ಎಲೆ ಬಿಟ್ಟಿದ್ದವು. ಆಮೇಲೆ ಹೂವು. ನಿಂತ ಕಾರುಗಳ ಮೇಲೆಲ್ಲ ಪುರಿ ಚೆಲ್ಲಿದ ಹಾಗೆ. ಅರ್ಧ ಕಿಲೋಮೀಟರ್‌ಗೆ ಮುಕ್ಕಾಲು ಗಂಟೆ. ಅಮ್ಮ ಒಂದೊಂದು ಕಾಂಪೌಂಡಿಗೂ ನಿಲ್ಲುತ್ತಿದ್ದರು. ಚಿಕ್ಕವರಿದ್ದಾಗ ಹೊಂಗೆ ಬೀಜ ಆರಿಸಿ ಸಂತೆಗೆ ಕೊಡುತ್ತಿದ್ದರಂತೆ, ಅದರ ಎಣ್ಣೆಯಲ್ಲೇ ದೀಪ. ನನಗೆ ಗೊತ್ತೇ ಇರಲಿಲ್ಲ.

ಅಲ್ಲೇ ಒಂದು ಸಂಜೆ ಸುಮ್ನೆ ಹೇಳಿದರು. ಐದನೇ ಕ್ಲಾಸಲ್ಲಿ ಮೇಷ್ಟ್ರು ಅವರನ್ನೆಲ್ಲ ಬೆಳಗೊಳಕ್ಕೆ ಕರೆದುಕೊಂಡು ಹೋಗಿ, ಬಿಸಿಲೇರುವ ಮೊದಲೇ ಬೆಟ್ಟ ಇಳಿಸಿಬಿಟ್ಟಿದ್ದರಂತೆ. ‘ಕಲ್ಲು ಕಾಯುತ್ತೆ ಅಂತ ಗೊತ್ತಿತ್ತಾ ನಿಂಗೆ, ಮತ್ತೆ ಹೇಳಲಿಲ್ಲ ಯಾಕೆ?’ ಅಂದೆ. ‘ಹೇಳಿದ್ದರೆ ನೀನು ಗೊಮ್ಮಟನ್ನೇ ಬಿಟ್ಟು ಮನೆಗೆ ಹೊರಡಿಸ್ತಿದ್ದೆ. ನನಗೆ ಇನ್ನೊಂದು ಸಲ ನೋಡಬೇಕಿತ್ತು.’

ಅದಕ್ಕೇ ಹೇಳೋದು, ಈಗಲೇ ರೂಮ್ ಬುಕ್ ಮಾಡಬೇಡಿ. ಮೊದಲು ಎರಡು ವಾರ ನಿಮ್ಮ ಬೀದಿಯಲ್ಲೇ ಅಮ್ಮನ ಜೊತೆ ನಡೆಯಿರಿ. ಫೋನ್ ಮನೆಯಲ್ಲಿಡಿ. ಎಷ್ಟು ದೂರಕ್ಕೆ ಸುಸ್ತಾಗ್ತಾರೆ, ಏನು ಕಂಡರೆ ನಿಲ್ತಾರೆ ನೋಡಿ. ಪಟ್ಟಿ ಆಮೇಲೆ ಮಾಡಿ. ನನ್ನ ಕೇಳಿದರೆ ಎರಡು ದಿನಕ್ಕೆ ಬೇಲೂರು ಮತ್ತು ಬೆಳಗೊಳ ಸಾಕು. ಹಳೇಬೀಡು ಬರೀ 16 ಕಿಲೋಮೀಟರ್ ಅಲ್ವಾ ಅಂತೀರಿ, ಗೊತ್ತು. ಬಿಡಿ. ಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಿ. ಮೊಣಕಾಲು ನೋವಿದ್ದರೆ ಎದುರಿನ ಚಂದ್ರಗಿರಿ ಹತ್ತಿ, ಮೆಟ್ಟಿಲು ಕಡಿಮೆ, ಅಲ್ಲಿಂದಲೂ ಗೊಮ್ಮಟನ ತಲೆ ಕಾಣುತ್ತೆ. ಕಾಲುಚೀಲ ಮನೆಯಿಂದಲೇ ಒಯ್ಯಿರಿ, ದಪ್ಪನೆಯದು. ನಿಮಗೂ ಒಂದು ಜೊತೆ.