ಐಪಿಎಲ್ ಬೆಟ್ಟಿಂಗ್ ಬೇರೆ, ಕುದುರೆ ರೇಸ್ ಬೇರೆ

"ರೇಸ್‌ಕೋರ್ಸ್‌ನಲ್ಲಿ ದುಡ್ಡು ಕಟ್ಟೋದು ಸರಿ ಅಂದ್ರೆ, ಐಪಿಎಲ್‌ಗೆ ಆ್ಯಪ್‌ನಲ್ಲಿ ಕಟ್ಟಿದ್ರೆ ಏನು ತಪ್ಪು?" ಅಂತ ಕೇಳಿದ್ದೀರಿ. ಖಂಡಿತ ತಪ್ಪು. ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಲೈಸೆನ್ಸ್ ಇರುವ ರೇಸ್‌ಕೋರ್ಸ್ ಒಳಗೆ ಕಟ್ಟಬಹುದು.

ಟೋಟ್ ಕೌಂಟರ್‌ನಲ್ಲಿ (ರೇಸ್‌ಕೋರ್ಸ್‌ನದೇ ಬೆಟ್ಟಿಂಗ್ ಕಿಟಕಿ) ರೇಸ್ ನಂಬರ್, ಕುದುರೆ ನಂಬರ್, ವಿನ್ನೋ (ಕುದುರೆ ಮೊದಲನೆಯದಾಗಿ ಬರಬೇಕು) ಪ್ಲೇಸೋ (ಮೊದಲ ಕೆಲವು ಸ್ಥಾನಗಳಲ್ಲಿ ಬಂದರೆ ಸಾಕು) ಹೇಳಿ. ಟಿಕೆಟ್ ಕೈಗೆ ಬಂದ ಕೂಡಲೇ, ಕಿಟಕಿ ಬಿಡುವ ಮೊದಲೇ, ನಂಬರ್ ನೋಡಿಕೊಳ್ಳಿ. ಅಲ್ಲಿ ಎಲ್ಲರ ದುಡ್ಡೂ ಒಂದೇ ರಾಶಿಗೆ ಬಿದ್ದು, ಕಡಿತ ಕಳೆದು ಗೆದ್ದವರಿಗೆ ಹಂಚಿಕೆಯಾಗುತ್ತೆ. ಲೈಸೆನ್ಸ್ ಇರುವ ಬುಕ್ಕಿ ಹತ್ತಿರವಾದರೆ ಗೆದ್ದರೆ ಎಷ್ಟು ಪಟ್ಟು ಸಿಗುತ್ತೆ ಅಂತ ಕಟ್ಟುವಾಗ ಹೇಳಿದ ದರವೇ ಲೆಕ್ಕ.

ಕ್ರಿಕೆಟ್‌ಗೆ ಈ ವಿನಾಯಿತಿ ಇಲ್ಲ. 2025ರ ಕೇಂದ್ರ ಕಾಯ್ದೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಬೆಟ್ಟಿಂಗ್ ಆ್ಯಪ್‌ನ ಲಿಂಕ್ ಕಳಿಸಿದವರಿಗೆ ದಯವಿಟ್ಟು ಯುಪಿಐ ಮಾಡಬೇಡಿ.