ಸೂಜಿ ಬದ್ಲಿ ಪಟ್ಟಿ ಬರೂತನಕಾ ತಡೀಬೇಕೇನ್ರಿ?

ಪ್ರಶ್ನೆ: ಡಾಕ್ಟರ್ರಿಗೆ ನಮಸ್ಕಾರ್ರಿ. ನನ್ನ ಮಗಳಿಗೆ ಒಂದೂವರಿ ವರ್ಷ, ತಾಯಿ ಕಾರ್ಡ್‌ನ್ಯಾಗ ದಡಾರ-ರುಬೆಲ್ಲಾ ಎರಡನೇ ಸೂಜಿ ಬಾಕಿ ಐತಿ. ಮೊದಲನೇದು ಮಾಡ್ಸಿದಾಗ ವಾರದ ಮ್ಯಾಲೆ ಜ್ವರ ಬಂದು ಭಾಳ ಅತ್ತಿತ್ತು. ಈಗ ಮೊಬೈಲ್‌ನ್ಯಾಗ ನೋಡಿದ್ವಿ, ಬ್ಯಾಂಡೇಜ್ ಹಂಗ ಹಚ್ಚೂ ಲಸಿಕಿ ಬರ್ತೈತಂತ, ಮನ್ಯಾಗ ನಾವ ಹಚ್ಕೋಬಹುದಂತ. ನಮ್ಮ ಅತ್ತಿಯವರು ಅದು ಬರೂತನಕಾ ತಡೀರಿ ಅಂತಾರ. ಏನ್ ಮಾಡೂಣ್ರಿ?
— ಒಬ್ಬ ತಾಯಿ, ರೋಣ

ಉತ್ತರ: ತಡೀಬ್ಯಾಡ್ರಿ ಅಕ್ಕಾರ. ಎರಡನೇ ಡೋಸ್ 16ರಿಂದ 24 ತಿಂಗಳದೊಳಗ ಆಗಬೇಕು, ನಿಮ್ಮ ಆಶಾ ಕಾರ್ಯಕರ್ತೆನ್ನ ಕೇಳಿ ಈ ಸಲದ ಲಸಿಕಾ ದಿನಾನ ಕರ್ಕೊಂಡ ಹೋಗಿ ಮಾಡಿಸ್ರಿ. ದಡಾರ, ಅಂದ್ರ ನಮ್ಮ ಕಡೆ ಗೊಬ್ಬರ ಅಂತೀವಲ್ಲ, ಅದು ಒಂದ ಕೂಸಿಗೆ ಬಂತಂದ್ರ ಓಣಿ ತುಂಬ ಹಬ್ಬತೈತಿ, ನ್ಯುಮೋನಿಯಾ ಆಗಿ ಜೀವಕ್ಕ ಬಂದದ್ದೂ ಐತಿ.

ಇನ್ನ ಆ ಜ್ವರ ಸೂಜಿ ಚುಚ್ಚಿದ್ದಕ್ಕ ಬಂದದ್ದಲ್ರಿ. ಈ ಲಸಿಕಿ ಒಳಗ ಶಕ್ತಿ ಕುಂದಿಸಿದ ಜೀವಂತ ವೈರಸ್ ಇರ್ತೈತಿ, ಅದಕ್ಕ ಮೈ ಎದುರು ನಿಲ್ಲೂ ಹೊತ್ತಿಗೆ ಹಿಂಗ ವಾರದ ಮ್ಯಾಲೆ ಕೆಲವು ಮಕ್ಕಳಿಗೆ ಜ್ವರ ಬರ್ತೈತಿ, ಪಟ್ಟಿ ಹಚ್ಚಿದ್ರೂ ಒಳಗ ಹೋಗೂದು ಅದ ಲಸಿಕಿ.

ಹಂಗಂತ ಪಟ್ಟಿ ಸುಳ್ಳಲ್ಲ, ನನಗಂತೂ ಅದರ ಮ್ಯಾಲೆ ಭಾಳ ಆಸೆ ಐತಿ. ಅದರಾಗ ಒಂದು ಮಿಲಿಮೀಟರ್‌ಗಿಂತ ಸಣ್ಣ ಮುಳ್ಳು ಇರ್ತಾವ, ಲಸಿಕಿ ಅವುಗಳೊಳಗ ಒಣಗಿಸಿ ಸೇರಿಸಿರ್ತಾರ, ಒತ್ತಿದ ಕೂಡ್ಲೆ ಚರ್ಮದ ಮ್ಯಾಲಿನ ಪದರಕ್ಕ ಇಳಿದು ಅಲ್ಲೇ ಕರಗಿ ಹೋಗ್ತಾವ. ಗ್ಯಾಂಬಿಯಾ ದೇಶದಾಗ 9-10 ತಿಂಗಳ ಕೂಸುಗಳ ಮುಂಗೈಗೆ ದಡಾರ-ರುಬೆಲ್ಲಾ ಪಟ್ಟಿ ಐದು ನಿಮಿಷ ಹಚ್ಚಿ ನೋಡಿದ್ರು, 2024ರಾಗ ಅದರ ಫಲಿತಾಂಶ ಬಂತು, ಒಂದ ಡೋಸ್‌ಗೆ 90ಕ್ಕಿಂತ ಹೆಚ್ಚು ಪರ್ಸೆಂಟ್ ಮಕ್ಕಳಿಗೆ ದಡಾರದಿಂದ ರಕ್ಷಣೆ ಸಿಕ್ಕಿತ್ತು. ಆದ್ರ ಅದು ಸಣ್ಣ ಪರೀಕ್ಷೆ, ಇನ್ನೂ ದೊಡ್ಡದು ಆಗಬೇಕು, ಮತ್ತ ಅಲ್ಲಿ ಹಚ್ಚಿದವ್ರು ತಾಯಂದಿರಲ್ಲ, ಆರೋಗ್ಯ ಸಿಬ್ಬಂದಿ. ತಮಗ ತಾವ ಹಚ್ಕೊಂಡದ್ದು 2015ರಾಗ ಅಮೆರಿಕಾದ ಅಟ್ಲಾಂಟಾದಾಗ, ಅದು ಫ್ಲೂ ಲಸಿಕಿ, ಹಚ್ಕೊಂಡವ್ರು ದೊಡ್ಡವ್ರು. ಸಿಬ್ಬಂದಿ ಹಚ್ಚಿದಷ್ಟ ಚೊಲೋ ಕೆಲಸ ಮಾಡಿತ್ತು.

ನಾ ಕಾಯೂದು ಬ್ಯಾರೆ ಕಾರಣಕ್ಕ. ಈಗಿನ ಬಾಟ್ಲಿ 2ರಿಂದ 8 ಡಿಗ್ರಿ ತಂಪಿನ್ಯಾಗ ಇರಬೇಕು, ಒಮ್ಮೆ ನೀರು ಕೂಡಿಸಿದ್ರ ನಾಲ್ಕು ತಾಸಿನ ಮ್ಯಾಲೆ ಉಳಿದದ್ದೆಲ್ಲಾ ಚೆಲ್ಲಬೇಕು. ತೋಟದ ಮನಿಯಾಗ ಎರಡ ಕೂಸು ಇದ್ರ ಐದು ಡೋಸಿನ ಬಾಟ್ಲಿ ಒಡೀಬೇಕೋ ಬ್ಯಾಡೋ ಅಂತ ಸಿಸ್ಟರ್ ಬಾಟ್ಲಿ ಕೈಯಾಗ ಹಿಡ್ಕೊಂಡ ನಿಂತಿರ್ತಾರ. ಆ ಫ್ಲೂ ಪಟ್ಟಿ 40 ಡಿಗ್ರಿ ಶಾಖದಾಗ ಒಂದು ವರ್ಷ ಇಟ್ರೂ ಕೆಟ್ಟಿರಲಿಲ್ಲ. ದಡಾರದ ಪಟ್ಟಿನೂ ಹಂಗ ತಡಕೊಂಡ್ರ ನಮ್ಮ ಗದಗ ಜಿಲ್ಲಾದ ಬ್ಯಾಸಗಿಗೆ ಎಷ್ಟ ಅನುಕೂಲ ನೋಡ್ರಿ, ಒಂದ ಕೂಸಿಗೆ ಒಂದ ಪಟ್ಟಿ, ಚೆಲ್ಲೂ ಮಾತ ಇಲ್ಲ.

ಪ್ರಶ್ನೆ: ಆನ್‌ಲೈನ್‌ನ್ಯಾಗ ಮೈಕ್ರೋನೀಡಲ್ ಪ್ಯಾಚ್, ಅಂದ್ರ ಇಂಥಾ ಸಣ್ಣ ಮುಳ್ಳಿನ ಪಟ್ಟಿ, ಈಗ ಸಿಗಾಕತ್ತಾವಲ್ರಿ, ತರಿಸಿದ್ರ ನಡೀತೈತೇನ್ರಿ?
— ಕಾಲೇಜ್ ಹುಡುಗ, ಹಾವೇರಿ

ಉತ್ತರ: ಅವು ಮೊಡವಿಗೆ, ಕಣ್ಣ ಕೆಳಗಿನ ಸುಕ್ಕಿಗೆ ಹಚ್ಚೂವು ತಮ್ಮಾ, ಅವುದ್ರಾಗ ಲಸಿಕಿ ಇರಂಗಿಲ್ಲ. ಲಸಿಕಿ ಅಂತ ಹೇಳಿ ಯಾರರೆ ಮಾರಿದ್ರ ತಗೋಬ್ಯಾಡ. ಸೂಜಿ ಅಂದ್ರ ನಿನಗ ತಲಿ ತಿರುಗತಿದ್ರ ಸಿಸ್ಟರ್‌ಗೆ ಮೊದ್ಲ ಹೇಳು, ಮಲಗಿಸಿ ಮಾಡ್ತಾರ.